ಗಣಕಯಂತ್ರದ ಗೃಹಕೃತ್ಯ

ಮನೆಯನ್ನು ನಡೆಸಿದ ಅನುಭವವುಳ್ಳವರಿಗೆ ಒಂದು ಮಾತನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಉಗ್ರಾಣದಿಂದ ಪಾತ್ರೆಯನ್ನು ತೆಗೆದುಕೊಡುವುದು ಸುಲಭ. ಕೊಟ್ಟ ಪಾತ್ರೆಯು ಮರಳಿ ತನ್ನ ಸ್ಥಾನವನ್ನು ಸೇರಿತೇ ಎಂದು ನೋಡಿಕೊಳ್ಳುವುದು ಕಷ್ಟ. ಒಬ್ಬರೇ ಬಳಸಿದ ಪಾತ್ರೆಯಾದರೆ ಅವರನ್ನು ಕೇಳಬಹುದು. ನಾಲ್ವರು ಕೂಡಿ ಬಳಸಿದುದಾದರೆ ಕೇಳುವುದು ಯಾರನ್ನು? "ಇನ್ನೊಬ್ಬರಿಗೆ ಬೇಕಾಗಿರಬಹುದು" ಎಂದು ಪ್ರತಿಯೊಬ್ಬರೂ ಬಿಟ್ಟುಹೋದರೆ ಪಾತ್ರೆಯು ಹಿತ್ತಿಲಿನಲ್ಲಿಯೇ ಉಳಿಯುತ್ತದೆ. "ನನ್ನ ಕೆಲಸ ಮುಗಿಯಿತು" ಎಂದು ಒಬ್ಬರು ಅವಸರದಿಂದ ತೊಳೆದಿಟ್ಟರೆ ಮತ್ತೊಬ್ಬರ ಅಡಿಗೆಯು ಅರ್ಧದಲ್ಲಿ ಕೆಡುತ್ತದೆ.

ಗೃಹಕೃತ್ಯದ ಈ ಸಣ್ಣ ಪ್ರಶ್ನೆಯೇ ಕಂಪ್ಯೂಟರ್ ಎಂದು ನಾವು ಕರೆಯುವ ಗಣಕಯಂತ್ರದ ಒಳಗೆ ಕ್ಷಣಕ್ಷಣಕ್ಕೂ ಸಾವಿರಾರು ಸಲ ಏಳುತ್ತಿರುತ್ತದೆ. ಗಣಕಯಂತ್ರದ ಸಂಪರ್ಕವಿಲ್ಲದ ಮನೆಗಳು ಈಗ ವಿರಳ. ಕೈಯಲ್ಲಿ ಹಿಡಿಯುವ ಮೊಬೈಲ್ ಫೋನು ಸಹ ಪೂರ್ಣವಾದ ಗಣಕಯಂತ್ರವೇ ಆಗಿದೆ. ಆದುದರಿಂದ ಆ ಯಂತ್ರವು ತನ್ನ ಉಗ್ರಾಣವನ್ನು ಹೇಗೆ ನಡೆಸುತ್ತದೆ, ಹಲವರು ಕೂಡಿ ಬಳಸುವ ವಸ್ತುವನ್ನು ಯಾವಾಗ ಮರಳಿ ಪಡೆಯುತ್ತದೆ, ಈ ಕೆಲಸದಲ್ಲಿ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಗೃಹಸ್ಥರಾದ ವಾಚಕರು ತಿಳಿದುಕೊಳ್ಳುವುದು ಯುಕ್ತವೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ಲಂಡನ್ ನಗರದಲ್ಲಿ ನಡೆದ ಸಂಗತಿ

ತಪ್ಪಿದರೆ ಏನಾಗುತ್ತದೆ ಎಂಬುದನ್ನೇ ಮೊದಲು ಹೇಳುವೆನು. ಲಂಡನ್ ನಗರದ ಆಂಬ್ಯುಲೆನ್ಸ್ ಸಂಸ್ಥೆಯವರು ೧೯೯೨ನೆಯ ಇಸವಿಯ ಅಕ್ಟೋಬರ್ ೨೬ರಂದು, ರೋಗಿಗಳ ಕರೆಗಳನ್ನು ಸ್ವೀಕರಿಸಿ ಗಾಡಿಗಳನ್ನು ಕಳುಹಿಸುವ ಕೆಲಸವನ್ನು ಹೊಸದೊಂದು ಗಣಕವ್ಯವಸ್ಥೆಗೆ ಒಪ್ಪಿಸಿದರು. ಮೊದಲ ಎರಡು ದಿನಗಳಲ್ಲಿಯೇ ಅದು ಬೇರೆ ಬೇರೆ ಕಾರಣಗಳಿಂದ ಬಹಳ ತೊಂದರೆಯನ್ನುಂಟುಮಾಡಿತು. ಗಾಡಿಯ ಬರವನ್ನು ನಿರೀಕ್ಷಿಸುತ್ತ ರೋಗಿಗಳು ಬಹಳ ಹೊತ್ತು ಕಾಯಬೇಕಾಯಿತು. ಹಳೆಯ ಪದ್ಧತಿಯನ್ನು ಅರ್ಧ ಬೆರಸಿ ಕೆಲಸವನ್ನು ಹೇಗೋ ಸಾಗಿಸುತ್ತಿರಲು, ನವೆಂಬರ್ ೪ರ ರಾತ್ರಿ ೨ ಗಂಟೆ ಕಳೆದ ಸ್ವಲ್ಪ ಹೊತ್ತಿಗೆ ಯಂತ್ರವು ಮೊದಲು ನಿಧಾನವಾಗಿ, ಬಳಿಕ ಸಂಪೂರ್ಣವಾಗಿ ನಿಂತುಹೋಯಿತು. ನೌಕರರು ತಮಗೆ ಹೇಳಿಕೊಟ್ಟಿದ್ದಂತೆ ತಮ್ಮ ತಮ್ಮ ಮುಂದಿನ ಯಂತ್ರಗಳನ್ನು ಆರಿಸಿ ಮತ್ತೆ ಹೊತ್ತಿಸಿ ನೋಡಿದರು, ಪ್ರಯೋಜನವಾಗಲಿಲ್ಲ. ಕಡೆಗೆ ಕಾಗದ, ಲೇಖನಿ, ಟೆಲಿಫೋನುಗಳನ್ನೇ ಆಶ್ರಯಿಸಬೇಕಾಯಿತು.

ವಿಚಾರಣೆಯ ವರದಿಯು ೧೯೯೩ನೆಯ ಫೆಬ್ರವರಿ ತಿಂಗಳಲ್ಲಿ ಪ್ರಕಟವಾಯಿತು. ಕೊನೆಯ ಆ ಕುಸಿತಕ್ಕೆ ಕಾರಣವು ಅತ್ಯಲ್ಪವಾದುದಾಗಿತ್ತು. ಕೆಲವು ವಾರಗಳ ಹಿಂದೆ ಒಬ್ಬ ಪ್ರೋಗ್ರಾಮು ರಚಕನು ತಿದ್ದುಪಡಿ ಮಾಡುವಾಗ ಒಂದು ಸಣ್ಣ ಭಾಗವನ್ನು ಮರೆತು ಹಾಗೆಯೇ ಉಳಿಸಿದ್ದನು. ಒಂದೊಂದು ಗಾಡಿಯನ್ನು ಕಳುಹಿಸುವಾಗಲೂ ಆ ಭಾಗವು ಕೇಂದ್ರಯಂತ್ರದ ಮೆಮೊರಿಯಲ್ಲಿ ಸ್ವಲ್ಪ ಜಾಗವನ್ನು ತೆಗೆದುಕೊಳ್ಳುತ್ತಿತ್ತು; ತೆಗೆದುಕೊಂಡುದನ್ನು ಹಿಂದಿರುಗಿಸುತ್ತಿರಲಿಲ್ಲ. ಸುಮಾರು ಮೂರು ವಾರಗಳಲ್ಲಿ ಉಗ್ರಾಣವು ಬರಿದಾಯಿತು. ಹನಿ ಹನಿಯಾಗಿ ಸೋರಿ ಕೊಡವು ಬರಿದಾಗುವಂತೆ ನಡೆದ ಈ ದೋಷಕ್ಕೆ ಮೆಮೊರಿಯ ಸೋರಿಕೆಯೆಂದೇ ಹೆಸರು. ಆ ನೌಕರರು ತಮ್ಮೆದುರಿನ ಯಂತ್ರಗಳನ್ನು ಆರಿಸಿದುದರಿಂದ ಏಕೆ ಪ್ರಯೋಜನವಾಗಲಿಲ್ಲವೆಂಬುದೂ ಇದರಿಂದ ತಿಳಿಯುತ್ತದೆ: ಸೋರುತ್ತಿದ್ದ ಕೊಡವು ಅಲ್ಲಿರಲಿಲ್ಲ, ಕೇಂದ್ರದಲ್ಲಿತ್ತು.

ಮೆಮೊರಿಯೆಂದರೇನು?

ನಮ್ಮ ಶಾಸ್ತ್ರಗಳಲ್ಲಿ ಹೇಳುವ ಸ್ಮೃತಿಗೂ ಗಣಕಯಂತ್ರದ ಮೆಮೊರಿಗೂ ಹೆಸರಿನ ಹೊರತು ಹೆಚ್ಚಿನ ಸಂಬಂಧವಿಲ್ಲ. ಇದನ್ನು ಶಾಲೆಯ ಮಕ್ಕಳ ಸ್ಲೇಟಿಗೆ ಹೋಲಿಸುವುದು ಮೇಲು. ಬಹು ದೊಡ್ಡದಾದ ಒಂದು ಸ್ಲೇಟನ್ನು ಸಣ್ಣ ಸಣ್ಣ ಮನೆಗಳಾಗಿ ಗೆರೆಯೆಳೆದು, ಪ್ರತಿಯೊಂದು ಮನೆಗೂ ಒಂದು ಸಂಖ್ಯೆಯನ್ನು ಕೊಟ್ಟಿದೆಯೆಂದು ಭಾವಿಸಿರಿ. ಯಾವ ಪ್ರೋಗ್ರಾಮೇ ಆಗಲಿ, ತಾನು ಮಾಡುವ ಕೆಲಸಕ್ಕೆ ಬೇಕಾದುದನ್ನು ಈ ಮನೆಗಳಲ್ಲಿ ಬರೆದು, ಓದಿ, ಅಳಿಸಿ ನಡೆಯಬೇಕು. ವಿದ್ಯುತ್ತು ನಿಂತರೆ ಬರೆದುದೆಲ್ಲವೂ ಅಳಿದುಹೋಗುತ್ತದೆ. ಅಳಿಯದಂತೆ ಉಳಿಸಬೇಕಾದ ಪತ್ರಗಳು, ಚಿತ್ರಗಳು ಮುಂತಾದವುಗಳಿಗೆ ಡಿಸ್ಕ್, ಫ್ಲ್ಯಾಷ್ ಎಂಬ ಬೇರೆ ಕಣಜಗಳಿವೆ. ಈ ಎರಡರ ಭೇದವನ್ನು ವಾಚಕರು ಮನಸ್ಸಿನಲ್ಲಿಡಬೇಕು. ಮುಂದೆ ಇದರಿಂದ ಪ್ರಯೋಜನವಿದೆ.

ಒಂದೇ ಸ್ಲೇಟಿನ ಮೇಲೆ ಹಲವು ಪ್ರೋಗ್ರಾಮುಗಳು ಏಕಕಾಲದಲ್ಲಿ ಬರೆಯಬೇಕಾದಾಗ ಕಲಹಕ್ಕೆ ಅವಕಾಶವಾಗುತ್ತದೆ. ಅದನ್ನು ತಪ್ಪಿಸುವುದಕ್ಕಾಗಿ ಎಲ್ಲರ ಮೇಲೆ ಒಬ್ಬ ಯಜಮಾನನನ್ನು ನಿಯಮಿಸಿದ್ದಾರೆ. ಇದೇ ಆಪರೇಟಿಂಗ್ ಸಿಸ್ಟಮ್ ಎಂಬ ಕಾರ್ಯಾಚರಣ ವ್ಯವಸ್ಥೆ. ಇದರ ತಿರುಳಿಗೆ ಕರ್ನೆಲ್ ಎಂದು ಹೆಸರು. ಉಗ್ರಾಣದ ಬೀಗದ ಕೈ ಕರ್ನೆಲ್ಲಿನ ಬಳಿಯಲ್ಲಿಯೇ ಇರುತ್ತದೆ. ಅದು ಮೆಮೊರಿಯನ್ನು ಪುಟಗಳಾಗಿ ವಿಭಾಗಿಸಿ ಹಂಚುತ್ತದೆ. ಒಂದು ಪುಟವು ಸಾಮಾನ್ಯವಾಗಿ ೪೦೯೬ ಬೈಟುಗಳಷ್ಟಿರುತ್ತದೆ. ಎಂಟು ಗಿಗಾಬೈಟುಗಳ ಮೆಮೊರಿಯುಳ್ಳ ಫೋನಿನಲ್ಲಿ ಇಂತಹ ೨೦,೯೭,೧೫೨ ಪುಟಗಳು ಹಿಡಿಯುವುವು. ಯಾವ ಪುಟವು ಯಾರಲ್ಲಿದೆ, ಯಾವುದು ಖಾಲಿಯಿದೆ ಎಂಬ ಲೆಕ್ಕವನ್ನು ಕರ್ನೆಲ್ ಒಂದನ್ನೂ ಬಿಡದೆ ಬರೆದಿಟ್ಟುಕೊಳ್ಳುತ್ತದೆ. ಒಬ್ಬನು ಬಿಟ್ಟ ಪುಟವನ್ನು ಇನ್ನೊಬ್ಬನಿಗೆ ಕೊಡುವ ಮೊದಲು ಅದನ್ನು ಪೂರ್ಣವಾಗಿ ಅಳಿಸಿ ಕೊಡುತ್ತದೆ. ಇಲ್ಲದಿದ್ದರೆ ಒಬ್ಬನ ಗುಟ್ಟನ್ನು ಇನ್ನೊಬ್ಬನು ಓದಿಬಿಡುವನು.

ಈ ಪುಟಗಳ ಪದ್ಧತಿಗೆ ಒಂದು ಇತಿಹಾಸವುಂಟು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ಟಾಮ್ ಕಿಲ್ಬರ್ನ್ ಎಂಬವರೂ ಅವರ ಸಂಗಡಿಗರೂ ಸೇರಿ ರಚಿಸಿದ ಅಟ್ಲಾಸ್ ಎಂಬ ಯಂತ್ರವು ೧೯೬೨ರ ಡಿಸೆಂಬರಿನಲ್ಲಿ ಉದ್ಘಾಟಿತವಾಯಿತು. ಅದರ ಶೀಘ್ರವಾದ ಮೆಮೊರಿಯಲ್ಲಿ ೧೬,೩೮೪ ಪದಗಳಿಗೆ ಮಾತ್ರ ಸ್ಥಳವಿತ್ತು. ತಿರುಗುವ ಉರುಳೆಯಂತಿದ್ದ ನಿಧಾನವಾದ ಮೆಮೊರಿಯಲ್ಲಿ ೯೮,೩೦೪ ಪದಗಳಿಗೆ ಸ್ಥಳವಿತ್ತು. ಬೇಕಾದ ಪುಟವನ್ನು ಉರುಳೆಯಿಂದ ಮೇಲಕ್ಕೆ ತಂದು, ಬೇಡವಾದುದನ್ನು ಕೆಳಕ್ಕೆ ಕಳುಹಿಸುವ ಕೆಲಸವನ್ನು ಯಂತ್ರವೇ ವಹಿಸಿಕೊಂಡುದರಿಂದ, ಎರಡೂ ಸೇರಿ ಒಂದೇ ವಿಶಾಲವಾದ ಮೆಮೊರಿಯೆಂಬಂತೆ ಪ್ರೋಗ್ರಾಮು ಬರೆಯುವವರಿಗೆ ತೋರುತ್ತಿತ್ತು. ಪ್ರತಿಯೊಂದು ಪ್ರೋಗ್ರಾಮಿಗೂ "ಉಗ್ರಾಣವೆಲ್ಲ ನನ್ನದೇ" ಎಂಬ ಭ್ರಮೆಯನ್ನುಂಟುಮಾಡುವ ಇಂದಿನ ಕಲೆಗೆ ಅದೇ ಮೂಲ.

ಕೊಡುವುದು ಮತ್ತು ಹಿಂದಿರುಗಿಸುವುದು

ಪ್ರೋಗ್ರಾಮು ಮೆಮೊರಿಯನ್ನು ಬೇಡುವುದು, ಕರ್ನೆಲ್ ಕೊಡುವುದು, ಕೆಲಸ ಮುಗಿದ ಬಳಿಕ ಪ್ರೋಗ್ರಾಮು ಹಿಂದಿರುಗಿಸುವುದು: ಇಷ್ಟೇ ಧರ್ಮ. ಈ ಧರ್ಮದಲ್ಲಿ ಮೂರು ಬಗೆಯ ಚ್ಯುತಿಗಳುಂಟು. ಮೊದಲನೆಯದು, ಹಿಂದಿರುಗಿಸಲು ಮರೆಯುವುದು. ಲಂಡನ್ನಿನಲ್ಲಿ ನಡೆದುದು ಇದೇ. ಎರಡನೆಯದು, ಹಿಂದಿರುಗಿಸಿದ ಮೇಲೆಯೂ ಅದನ್ನು ತನ್ನದೆಂದೇ ತಿಳಿದು ಬಳಸುವುದು. ಬಾಡಿಗೆಯ ಮನೆಯನ್ನು ಬಿಟ್ಟವನು ಹಳೆಯ ಬೀಗದ ಕೈಯನ್ನು ಇಟ್ಟುಕೊಂಡಿದ್ದು, ಹೊಸ ಒಕ್ಕಲು ಬಂದ ತರುವಾಯ ರಾತ್ರಿಯಲ್ಲಿ ಒಳಹೊಕ್ಕಂತೆ ಇದು. ಮೂರನೆಯದು, ಒಂದೇ ವಸ್ತುವನ್ನು ಎರಡು ಸಲ ಹಿಂದಿರುಗಿಸುವುದು. ಇದರಿಂದ ಲೆಕ್ಕವೇ ಕೆಟ್ಟು, ಒಂದೇ ಸ್ಥಳವು ಇಬ್ಬರಿಗೆ ದಾನವಾಗಿಬಿಡಬಹುದು.

ಇವುಗಳಲ್ಲಿ ಮರೆವಿಗಿಂತ ಎರಡನೆಯದು ಹೆಚ್ಚು ಅಪಾಯಕರವಾದುದು. ಮರೆತವನಿಂದ ಯಂತ್ರವು ನಿಧಾನವಾಗುವುದು ಅಥವಾ ನಿಲ್ಲುವುದು. ಹಳೆಯ ಬೀಗದ ಕೈಯಿಂದಲಾದರೋ ಕಳ್ಳನು ಒಳಹೊಗುವನು. ಗಣಕಯಂತ್ರಗಳನ್ನು ಭೇದಿಸುವ ದುಷ್ಟರು ಇಂತಹ ದೋಷಗಳನ್ನೇ ಹುಡುಕುತ್ತಿರುತ್ತಾರೆ. ನಮ್ಮ ಫೋನುಗಳಿಗೆ ಆಗಾಗ ಬರುವ ಭದ್ರತೆಯ ತಿದ್ದುಪಡಿಗಳಲ್ಲಿ ಅನೇಕವು ಈ ಜಾತಿಯ ದೋಷಗಳನ್ನು ಸರಿಪಡಿಸುವುದಕ್ಕಾಗಿಯೇ ಬರುವುವು. ಅವುಗಳನ್ನು ತೊಂದರೆಯೆಂದು ತಿಳಿದು ಮುಂದೂಡುತ್ತ ಹೋಗುವುದು ಗೃಹಸ್ಥರಿಗೆ ಒಳ್ಳೆಯದಲ್ಲ.

ಪ್ರೋಗ್ರಾಮುಗಳೆಲ್ಲವೂ ಸದಾಚಾರಸಂಪನ್ನವಾಗಿರುವುವೆಂದು ನಂಬಿ ಯಜಮಾನನು ಸುಮ್ಮನೆ ಕುಳಿತಿರುವಂತಿಲ್ಲ. ಆದಕಾರಣ ಕರ್ನೆಲ್ ಒಂದು ಕಟ್ಟುಪಾಡನ್ನು ಮಾಡಿಕೊಂಡಿದೆ. ಒಂದು ಪ್ರೋಗ್ರಾಮಿನ ಓಟವು ಕೊನೆಗೊಂಡ ಕೂಡಲೆ, ಅದು ಸಹಜವಾಗಿ ಮುಗಿದಿರಲಿ, ಅಪಘಾತದಿಂದ ಸತ್ತಿರಲಿ, ಅದರ ಹೆಸರಿನಲ್ಲಿ ಬರೆದಿದ್ದ ಪುಟಗಳನ್ನೂ ತೆರೆದಿದ್ದ ಕಡತಗಳನ್ನೂ ಕರ್ನೆಲ್ ತಾನೇ ಬಿಡಿಸಿಕೊಳ್ಳುತ್ತದೆ. ಲೆಕ್ಕದ ಪುಸ್ತಕವು ಸಾಲಗಾರನಲ್ಲಿರದೆ ಯಜಮಾನನಲ್ಲಿರುವುದರಿಂದ ಇದು ಸಾಧ್ಯವಾಯಿತು. ಸತ್ತವನು ಬಂದು ಲೆಕ್ಕ ಒಪ್ಪಿಸಬೇಕಾದ ಅವಶ್ಯಕತೆಯಿಲ್ಲ.

ಕೂಡಿ ಬಳಸುವ ವಸ್ತುಗಳು

ಇಲ್ಲಿಯವರೆಗೆ ಹೇಳಿದುದು ಒಬ್ಬನೇ ಬಳಸುವ ವಸ್ತುವಿನ ಮಾತು. ಆದರೆ ಗಣಕಯಂತ್ರದಲ್ಲಿ ಬಹಳಷ್ಟು ವಸ್ತುಗಳು ಸಮುದಾಯದ ಸ್ವತ್ತುಗಳು. ಅಕ್ಷರಗಳನ್ನು ತೆರೆಯ ಮೇಲೆ ಬರೆಯುವ ಒಂದು ಭಾಗವು ಹತ್ತು ಪ್ರೋಗ್ರಾಮುಗಳಿಗೆ ಬೇಕಾದರೆ, ಹತ್ತು ಪ್ರತಿಗಳನ್ನಿಡುವುದು ಲೋಭಿಯಾದ ಮೆಮೊರಿಗೆ ಸಲ್ಲದು. ಒಂದೇ ಪ್ರತಿಯನ್ನು ಎಲ್ಲರಿಗೂ ತೋರಿಸುವರು. ಒಂದು ಪ್ರೋಗ್ರಾಮು ಮತ್ತೊಂದನ್ನು ಹೆತ್ತಾಗಲೂ ಹೀಗೆಯೇ. ಲಿನಕ್ಸ್ ಮುಂತಾದ ವ್ಯವಸ್ಥೆಗಳಲ್ಲಿ ಮಗುವಿಗೆ ತಂದೆಯ ಪುಟಗಳನ್ನೆಲ್ಲ ನಕಲು ಮಾಡಿ ಕೊಡದೆ, ಇಬ್ಬರೂ ಅವಿಭಕ್ತ ಕುಟುಂಬದವರಂತೆ ಅವೇ ಪುಟಗಳನ್ನು ಓದುತ್ತಿರುವಂತೆ ಬಿಡುತ್ತಾರೆ. ಇಬ್ಬರಲ್ಲೊಬ್ಬರು ಒಂದು ಪುಟದ ಮೇಲೆ ಬರೆಯಲು ಹೊರಟಾಗ ಮಾತ್ರ ಆ ಒಂದು ಪುಟಕ್ಕೆ ಪ್ರತಿ ಮಾಡಿ ಪಾಲು ಹಂಚುತ್ತಾರೆ.

ಹೀಗೆ ಕೂಡಿ ಬಳಸುವ ವಸ್ತುವನ್ನು ಯಾವಾಗ ಉಗ್ರಾಣಕ್ಕೆ ಮರಳಿಸಬೇಕು? ಒಬ್ಬನು ಸತ್ತನೆಂದು ತೆಗೆದರೆ ಉಳಿದವರು ಕೆಡುವರು; ಯಾರಿಗೋ ಬೇಕಾಗಬಹುದೆಂದು ಬಿಟ್ಟರೆ ಎಂದೆಂದಿಗೂ ಉಳಿಯುವುದು. ಆದುದರಿಂದ ನಿಜವಾದ ಪ್ರಶ್ನೆಯು "ಇದನ್ನು ತಂದವನು ಯಾರು?" ಎಂಬುದಲ್ಲ, "ಇದನ್ನು ಬಿಡುವ ಕೊನೆಯವನು ಯಾರು?" ಎಂಬುದು. ತಾನೇ ಕೊನೆಯವನೆಂದು ಬಳಸುವವನಿಗೆ ತಿಳಿಯುವ ಬಗೆಯಿಲ್ಲ. ಅದು ತಿಳಿಯುವುದು ಎಣಿಸುವವನಿಗೆ ಮಾತ್ರ.

ಈ ಎಣಿಕೆಯ ಉಪಾಯವನ್ನು ೧೯೬೦ರಲ್ಲಿ ಅಮೆರಿಕದ ಜಾರ್ಜ್ ಕಾಲಿನ್ಸ್ ಎಂಬವರು ಒಂದು ಲೇಖನದಲ್ಲಿ ವಿವರಿಸಿದರು. ವಸ್ತುವಿನ ಜೊತೆಗೆ ಒಂದು ಸಂಖ್ಯೆಯನ್ನು ಬರೆದಿಡಬೇಕು. ಒಬ್ಬನು ಅದನ್ನು ಹಿಡಿದಾಗ ಒಂದನ್ನು ಕೂಡಿಸಬೇಕು. ಬಿಟ್ಟಾಗ ಒಂದನ್ನು ಕಳೆಯಬೇಕು. ಸಂಖ್ಯೆಯು ಸೊನ್ನೆಯಾದ ಕ್ಷಣದಲ್ಲಿ ವಸ್ತುವನ್ನು ಉಗ್ರಾಣಕ್ಕೆ ಸೇರಿಸಬೇಕು. ಯಾರು ಮೊದಲು ಬಂದರು, ಯಾರು ಹಿರಿಯರು ಎಂಬ ವಿಚಾರವೇ ಇಲ್ಲಿ ಬೇಕಾಗಿಲ್ಲ. ಕೊನೆಯಲ್ಲಿ ಹೊರಡುವವನು ದೀಪವನ್ನು ಆರಿಸತಕ್ಕದ್ದು ಎಂಬ ನಿಯಮದಂತೆ ಇದು ಬಹು ಸರಳವಾಗಿದೆ.

ಅಮೆರಿಕದ ಬೆಲ್ ಲ್ಯಾಬೊರೇಟರೀಸ್ ಎಂಬ ಸಂಶೋಧನಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ೧೯೬೯ರಲ್ಲಿ ಆರಂಭಿಸಿದ ಯೂನಿಕ್ಸ್ ಎಂಬ ವ್ಯವಸ್ಥೆಯಲ್ಲಿ ಇದಕ್ಕೆ ಸುಂದರವಾದ ಒಂದು ನಿದರ್ಶನವುಂಟು. ಅಲ್ಲಿ ಒಂದು ಕಡತವನ್ನು ಯಾರೋ ಓದುತ್ತಿರುವಾಗಲೇ ಮತ್ತೊಬ್ಬರು ಅದನ್ನು ಅಳಿಸಬಹುದು. ಆಗ ಕಡತದ ಹೆಸರು ಪಟ್ಟಿಯಿಂದ ಹೋಗುತ್ತದೆ. ಹೊಸದಾಗಿ ಯಾರೂ ಅದನ್ನು ಆ ಹೆಸರಿನಿಂದ ತೆರೆಯಲಾರರು. ಆದರೆ ಓದುತ್ತಿದ್ದವನ ಕೈಯಿಂದ ಅದನ್ನು ಕಿತ್ತುಕೊಳ್ಳುವುದಿಲ್ಲ. ಅವನು ಓದಿ ಮುಗಿಸಿ ಮುಚ್ಚಿದ ಮೇಲೆಯೇ, ಹೆಸರುಗಳ ಎಣಿಕೆಯೂ ಓದುಗರ ಎಣಿಕೆಯೂ ಸೊನ್ನೆಯಾದಾಗ, ಕಡತದ ಸ್ಥಳವು ತೆರವಾಗುತ್ತದೆ. ಹೆಸರು ಬೇರೆ, ವಸ್ತು ಬೇರೆ ಎಂಬ ವಿವೇಕವು ಇಲ್ಲಿದೆ. ಇದೇ ಮಾರ್ಗವನ್ನು ಅನುಸರಿಸಿ ೧೯೯೧ರಲ್ಲಿ ಫಿನ್ಲೆಂಡ್ ದೇಶದ ವಿದ್ಯಾರ್ಥಿಯಾದ ಲಿನಸ್ ಟೊರ್ವಾಲ್ಡ್ಸ್ ಎಂಬವರು ಲಿನಕ್ಸ್ ಕರ್ನೆಲ್ಲನ್ನು ರಚಿಸತೊಡಗಿದರು. ಆಂಡ್ರಾಯ್ಡ್ ಫೋನುಗಳೊಳಗೆ ಯಜಮಾನಿಕೆ ಮಾಡುತ್ತಿರುವುದು ಅದೇ ಕರ್ನೆಲ್.

ಎಣಿಕೆಯ ತೊಡಕುಗಳು

ಉಪಾಯವು ಸರಳವಾದರೂ ತೊಡಕಿಲ್ಲದುದಲ್ಲ. ಎರಡು ಪ್ರೋಗ್ರಾಮುಗಳು ಒಂದೇ ಕ್ಷಣದಲ್ಲಿ ವಸ್ತುವನ್ನು ಬಿಡುತ್ತವೆಯೆಂದು ಭಾವಿಸಿರಿ. ಸಂಖ್ಯೆಯು ಎರಡು ಎಂದು ಇಬ್ಬರೂ ಓದಿದರು. ಒಂದನ್ನು ಕಳೆದು ಇಬ್ಬರೂ ಒಂದು ಎಂದು ಬರೆದರು. ಇಬ್ಬರೂ ಬಿಟ್ಟುಹೋದರು, ಸಂಖ್ಯೆಯು ಮಾತ್ರ ಸೊನ್ನೆಯಾಗಲಿಲ್ಲ. ವಸ್ತುವು ಯಾರಿಗೂ ಬೇಡದೆ ಶಾಶ್ವತವಾಗಿ ಉಳಿಯಿತು. ಇದನ್ನು ತಪ್ಪಿಸಲು, ಓದಿ ಕಳೆದು ಬರೆಯುವ ಮೂರು ಕ್ರಿಯೆಗಳೂ ನಡುವೆ ಯಾರೂ ಬಾರದಂತೆ ಒಂದೇ ಅಖಂಡಕ್ರಿಯೆಯಾಗಿ ನಡೆಯುವಂತೆ ಯಂತ್ರದಲ್ಲಿಯೇ ಏರ್ಪಾಡು ಮಾಡಿದ್ದಾರೆ.

ಮತ್ತೊಂದು ತೊಡಕು ಪರಸ್ಪರಾಶ್ರಯವೆಂಬುದು. ಒಂದು ವಸ್ತುವು ಎರಡನೆಯದನ್ನು ಹಿಡಿದಿದೆ. ಎರಡನೆಯದು ಮೊದಲನೆಯದನ್ನು ಹಿಡಿದಿದೆ. ಹೊರಗಿನವರಾರೂ ಅವುಗಳನ್ನು ಬಳಸುತ್ತಿಲ್ಲ. ಆದರೂ ಒಂದೊಂದರ ಎಣಿಕೆಯೂ ಒಂದಾಗಿಯೇ ಇರುವುದರಿಂದ ಸೊನ್ನೆಯೆಂಬುದು ಬಾರದು. ಒಬ್ಬರಿಗೊಬ್ಬರು ಜಾಮೀನು ನಿಂತ ಇಬ್ಬರು ದಿವಾಳಿಗಾರರಂತೆ ಇವು ಇರುತ್ತವೆ. ನ್ಯಾಯಶಾಸ್ತ್ರದಲ್ಲಿ ಅನ್ಯೋನ್ಯಾಶ್ರಯವನ್ನು ದೋಷವೆಂದೇ ಗಣಿಸಿರುವುದನ್ನು ತಿಳಿದವರಿಗೆ ಇದು ವಿಚಿತ್ರವಾಗಿ ತೋರದು. ಇದಕ್ಕೆ ಪರಿಹಾರವು ಆ ೧೯೬೦ರಲ್ಲಿಯೇ ಜಾನ್ ಮೆಕಾರ್ಥಿ ಎಂಬ ಅಮೆರಿಕದ ಪಂಡಿತರಿಂದ ಲಿಸ್ಪ್ ಎಂಬ ಯಂತ್ರಭಾಷೆಯನ್ನು ಕುರಿತ ಲೇಖನದಲ್ಲಿ ಸೂಚಿತವಾಯಿತು. ಎಣಿಸುವುದನ್ನು ಬಿಟ್ಟು, ಈಗ ಬಳಕೆಯಲ್ಲಿರುವ ಮೂಲವಸ್ತುಗಳಿಂದ ಹೊರಟು, ಅವು ಹಿಡಿದಿರುವುದನ್ನೂ, ಅವು ಹಿಡಿದಿರುವುದು ಹಿಡಿದಿರುವುದನ್ನೂ ಗುರುತು ಮಾಡುತ್ತ ಹೋಗಬೇಕು; ಗುರುತು ಬೀಳದೆ ಉಳಿದುದೆಲ್ಲವೂ ಕಸ. ಹಬ್ಬದ ಮುಂಚೆ ಮನೆಯನ್ನೆಲ್ಲ ಗುಡಿಸುವಂತೆ ಆಗಾಗ ಹೀಗೆ ಗುಡಿಸಬೇಕು. ಫೋನುಗಳಲ್ಲಿ ಓಡುವ ಅನೇಕ ಪ್ರೋಗ್ರಾಮುಗಳ ಒಳಗೆ ಈ ಗುಡಿಸುವ ಕೆಲಸವು ಇಂದಿಗೂ ನಡೆಯುತ್ತಿದೆ.

ಬೀಗವನ್ನು ಹಿಡಿದೇ ಸತ್ತವರು

ಕೂಡಿ ಬಳಸುವ ವಸ್ತುವಿನ ಮೇಲೆ ಇಬ್ಬರು ಒಂದೇ ಸಲ ಬರೆದರೆ ಬರಹವು ಕಲಸಿಹೋಗುವುದರಿಂದ, ಬರೆಯುವವನು ಅದಕ್ಕೆ ಬೀಗ ಹಾಕಿಕೊಂಡು ಬರೆದು, ಮುಗಿದ ಮೇಲೆ ಬೀಗವನ್ನು ತೆಗೆಯಬೇಕೆಂಬ ನಿಯಮವುಂಟು. ನೆದರ್ಲೆಂಡ್ಸ್ ದೇಶದ ಎಡ್ಸ್ಗರ್ ಡೈಕ್‌ಸ್ಟ್ರಾ ಎಂಬವರು ೧೯೬೦ರ ದಶಕದಲ್ಲಿ ಈ ಶಾಸ್ತ್ರಕ್ಕೆ ಅಸ್ತಿಭಾರವನ್ನು ಹಾಕಿದರು. ಒಬ್ಬನು ಒಂದು ಬೀಗವನ್ನು ಹಿಡಿದು ಎರಡನೆಯದಕ್ಕೆ ಕಾದಿರುವಾಗ, ಎರಡನೆಯದನ್ನು ಹಿಡಿದವನು ಮೊದಲನೆಯದಕ್ಕೆ ಕಾದಿದ್ದರೆ ಇಬ್ಬರೂ ಪ್ರಳಯದವರೆಗೆ ಕಾಯುತ್ತಲೇ ಇರಬೇಕಾಗುವುದೆಂದು ಅವರು ತೋರಿಸಿದರು. ಎಲ್ಲರೂ ಬೀಗಗಳನ್ನು ಒಂದೇ ಕ್ರಮದಲ್ಲಿ ಹಿಡಿಯಬೇಕೆಂದು ಕಟ್ಟಳೆ ಮಾಡಿದರೆ ಈ ಬಿಕ್ಕಟ್ಟು ತಪ್ಪುತ್ತದೆ.

ಆದರೆ ಬೀಗವನ್ನು ಹಿಡಿದವನು ನಡುವೆಯೇ ಸತ್ತರೆ? ಕರ್ನೆಲ್ ಅವನ ಪುಟಗಳನ್ನು ಬಿಡಿಸಿಕೊಳ್ಳಬಲ್ಲದು. ಆದರೆ ಅವನು ಅರ್ಧ ಬರೆದ ಲೆಕ್ಕವು ಸರಿಯೇ ತಪ್ಪೇ ಎಂಬುದನ್ನು ಅದು ಹೇಗೆ ಬಲ್ಲದು? ಸುಮ್ಮನೆ ಬೀಗವನ್ನು ತೆಗೆದುಕೊಟ್ಟರೆ ಮುಂದಿನವನು ಕೆಟ್ಟ ಲೆಕ್ಕವನ್ನು ಒಳ್ಳೆಯದೆಂದು ನಂಬುವನು. ತೆಗೆಯದಿದ್ದರೆ ಎಲ್ಲರೂ ಹೊರಗೆ ಕಾಯುತ್ತ ನಿಲ್ಲುವರು. ೨೦೦೬ರಲ್ಲಿ ಲಿನಕ್ಸ್ ಕರ್ನೆಲ್ಲಿಗೆ ಸೇರಿಸಲ್ಪಟ್ಟ ಒಂದು ಏರ್ಪಾಡಿನಂತೆ, ಕರ್ನೆಲ್ ಆ ಬೀಗವನ್ನು ಮುಂದಿನವನಿಗೆ ಕೊಡುತ್ತದೆ. ಆದರೆ "ಇದರ ಹಿಂದಿನ ಒಡೆಯನು ಸತ್ತಿದ್ದಾನೆ" ಎಂಬ ವಾರ್ತೆಯನ್ನೂ ಜೊತೆಗೆ ತಿಳಿಸುತ್ತದೆ. ಅರ್ಧಕ್ಕೆ ನಿಂತ ಲೆಕ್ಕವನ್ನು ಪರೀಕ್ಷಿಸಿ ಸರಿಪಡಿಸುವ ಭಾರವು ಬೀಗವನ್ನು ಪಡೆದವನದು. ಆಸ್ತಿಯೊಡನೆ ಋಣವೂ ಬರುತ್ತದೆಂಬುದನ್ನು ಮುಚ್ಚಿಡದೆ ಹೇಳುವ ಪ್ರಾಮಾಣಿಕವಾದ ಕ್ರಮವಿದು.

ಪ್ರೋಗ್ರಾಮುಗಳ ಮರಣದಲ್ಲಿ ಇನ್ನೊಂದು ವಿಶೇಷವಿದೆ. ಯೂನಿಕ್ಸ್ ಸಂಪ್ರದಾಯದಲ್ಲಿ ಮಗುವಾದ ಪ್ರೋಗ್ರಾಮು ಸತ್ತರೆ, ಅದು ಹೇಗೆ ಸತ್ತಿತೆಂಬ ವಾರ್ತೆಯನ್ನು ತಂದೆಯು ಕೇಳಿಕೊಳ್ಳಬೇಕು. ಕೇಳಿಕೊಳ್ಳುವವರೆಗೆ ಮಗುವಿನ ಮೆಮೊರಿಯೆಲ್ಲವೂ ಹೋಗಿದ್ದರೂ ಲೆಕ್ಕದ ಪುಸ್ತಕದಲ್ಲಿ ಅದರ ಒಂದು ಸಾಲು ಉಳಿದಿರುತ್ತದೆ. ಇದಕ್ಕೆ ಅವರು ಜೋಂಬಿ ಎಂಬ ಹೆಸರನ್ನಿಟ್ಟಿದ್ದಾರೆ; ನಾವು ಪ್ರೇತಾವಸ್ಥೆಯೆನ್ನಬಹುದು. ತಂದೆಯೇ ಮೊದಲು ಸತ್ತಿದ್ದರೆ ಆ ಅನಾಥ ಮಕ್ಕಳನ್ನು ಸಾಮಾನ್ಯವಾಗಿ ಒಂದನೆಯ ಸಂಖ್ಯೆಯ ಮೂಲಪ್ರೋಗ್ರಾಮು ದತ್ತು ತೆಗೆದುಕೊಂಡು, ಕಾಲ ಬಂದಾಗ ಆ ಸಾಲನ್ನು ಅಳಿಸುವ ಕರ್ಮವನ್ನು ನೆರವೇರಿಸುತ್ತದೆ.

ಇನ್ನು, ಯಾರ ಹೆಸರಿಗೂ ಸೇರದ ಸ್ವತ್ತಿನ ಗತಿಯೇನು? ಸಿಸ್ಟಮ್ ಐದು ಎಂಬ ಹೆಸರಿನ ಯೂನಿಕ್ಸಿನಲ್ಲಿ ಪ್ರಸಿದ್ಧವಾಗಿ ಲಿನಕ್ಸಿಗೂ ಬಂದಿರುವ ಒಂದು ಬಗೆಯ ಸಮುದಾಯದ ಮೆಮೊರಿಯುಂಟು. ಅದನ್ನು ಮಾಡಿದ ಪ್ರೋಗ್ರಾಮೂ ಬಳಸಿದ ಪ್ರೋಗ್ರಾಮುಗಳೂ ಎಲ್ಲವೂ ಸತ್ತರೂ ಅದು ಸಾಯದು. "ಇದನ್ನು ಅಳಿಸು" ಎಂದು ಒಬ್ಬರು ಸ್ಪಷ್ಟವಾಗಿ ಹೇಳಬೇಕು, ಇಲ್ಲವೆ ಯಂತ್ರವನ್ನೇ ಆರಿಸಬೇಕು. ಅಳಿಸೆಂದು ಹೇಳಿದರೂ, ಆಗ ಯಾರಾದರೂ ಬಳಸುತ್ತಿದ್ದರೆ ಕೊನೆಯವನು ಬಿಡುವವರೆಗೆ ಕರ್ನೆಲ್ ತಾಳಿಕೊಂಡಿರುತ್ತದೆ. ಇಲ್ಲಿ ಎಣಿಕೆಯು ಸೊನ್ನೆಯಾದರೂ ಸಾಲದು, ಯಾರಾದರೊಬ್ಬರು ಹೊಣೆಯನ್ನು ವಹಿಸಿರಬೇಕು. ಎಲ್ಲರದಾದುದು ಯಾರದೂ ಅಲ್ಲದುದಾಗುವ ಅಪಾಯವು ಇಲ್ಲಿ ಪ್ರತ್ಯಕ್ಷವಾಗಿ ಕಾಣುತ್ತದೆ.

ಮಂಗಳಗ್ರಹದ ಬಂಡಿ

ಯಂತ್ರವು ಮೊಂಡುಹಿಡಿದಾಗ ಅದನ್ನು ಆರಿಸಿ ಮತ್ತೆ ಹೊತ್ತಿಸುವುದು ಮನೆಮನೆಯ ಚಿಕಿತ್ಸೆಯಾಗಿದೆ. ಇದು ಮಾಟಮಂತ್ರವಲ್ಲ. ಸೋರಿಹೋದ ಮೆಮೊರಿಯು ನಿಜವಾಗಿ ಎಲ್ಲಿಯೂ ಹೋಗಿರುವುದಿಲ್ಲ. ಯಾರ ಹೆಸರಿನಲ್ಲಿಯೋ ಬರೆದಿರುತ್ತದೆ, ಅಷ್ಟೆ. ಆರಿಸಿದಾಗ ಸಾಲಗಾರರೆಲ್ಲರೂ ಒಮ್ಮೆಗೆ ಸತ್ತು ಉಗ್ರಾಣವು ಮತ್ತೆ ತುಂಬುತ್ತದೆ. ಆದರೆ ಈ ಚಿಕಿತ್ಸೆಯು ಎಲ್ಲಿ ಫಲಿಸದೆಂಬುದಕ್ಕೆ ದೂರದ ಒಂದು ನಿದರ್ಶನವಿದೆ.

ಅಮೆರಿಕದವರು ಮಂಗಳಗ್ರಹಕ್ಕೆ ಕಳುಹಿಸಿದ ಸ್ಪಿರಿಟ್ ಎಂಬ ಬಂಡಿಯು ೨೦೦೪ರ ಜನವರಿ ಮೊದಲ ವಾರದಲ್ಲಿ ಅಲ್ಲಿ ಇಳಿಯಿತು. ಜನವರಿ ೨೧ರಂದು ಅದರ ಮಾತು ಇದ್ದಕ್ಕಿದ್ದಂತೆ ನಿಂತಿತು. ಅದು ತನ್ನನ್ನು ತಾನೇ ಆರಿಸಿಕೊಂಡು ಹೊತ್ತಿಸಿಕೊಳ್ಳುತ್ತ, ರಾತ್ರಿಯೂ ನಿದ್ರಿಸದೆ, ಬ್ಯಾಟರಿಯನ್ನು ಬರಿದುಮಾಡಿಕೊಳ್ಳುತ್ತಿದ್ದಿತು. ಭೂಮಿಯಲ್ಲಿದ್ದ ಎಂಜಿನಿಯರುಗಳು ಕಡೆಗೆ ಕಾರಣವನ್ನು ಕಂಡುಹಿಡಿದರು. ಅದರ ೨೫೬ ಮೆಗಾಬೈಟುಗಳ ಫ್ಲ್ಯಾಷ್ ಕಣಜದಲ್ಲಿ ಕಡತಗಳು ಬಹಳವಾಗಿ ಕೂಡಿಕೊಂಡಿದ್ದುವು. ಕಡತಗಳನ್ನು ಅಳಿಸಿದರೂ ಅವುಗಳ ಪಟ್ಟಿಯು ಕುಗ್ಗುತ್ತಿರಲಿಲ್ಲ. ಪ್ರತಿಸಲ ಹೊತ್ತಿಕೊಳ್ಳುವಾಗಲೂ ಆ ಪಟ್ಟಿಯನ್ನೆಲ್ಲ ಮೆಮೊರಿಗೆ ತಂದುಕೊಳ್ಳಬೇಕಾಗಿತ್ತು. ಅದಕ್ಕಾಗಿ ಮೀಸಲಿಟ್ಟಿದ್ದ ಮೆಮೊರಿಯು ಸಾಲದೆ ಬಂದು, ಬಂಡಿಯು ಮತ್ತೆ ಆರಿಸಿಕೊಳ್ಳುತ್ತಿತ್ತು. ದೋಷವು ಅಳಿಯುವ ಸ್ಲೇಟಿನಲ್ಲಿರದೆ ಅಳಿಯದ ಕಣಜದಲ್ಲಿದ್ದುದರಿಂದ ಎಷ್ಟು ಸಲ ಆರಿಸಿದರೂ ಹೋಗುವಂತಿರಲಿಲ್ಲ. ಫ್ಲ್ಯಾಷನ್ನು ಮುಟ್ಟದೆಯೇ ಏಳಬೇಕೆಂದು ಭೂಮಿಯಿಂದ ಆಜ್ಞೆಯನ್ನು ಕಳುಹಿಸಿ, ಬಂಡಿಯನ್ನು ಶಾಂತಗೊಳಿಸಿ, ಬೇಡವಾದ ಕಡತಗಳನ್ನು ತೆಗೆದು, ಫೆಬ್ರವರಿಯಲ್ಲಿ ಕಣಜವನ್ನೇ ಹೊಸದಾಗಿ ಅಣಿಗೊಳಿಸಿದರು. ತೊಂಬತ್ತು ದಿನಗಳ ಬಾಳಿಗೆಂದು ಮಾಡಿದ್ದ ಆ ಬಂಡಿಯು ೨೦೧೦ರ ಮಾರ್ಚ್ ತಿಂಗಳವರೆಗೆ ಭೂಮಿಗೆ ವಾರ್ತೆಯನ್ನು ಕಳುಹಿಸುತ್ತಲೇ ಇದ್ದಿತು.

ಉಪಸಂಹಾರ

ಈ ಎರಡು ಸಂಗತಿಗಳನ್ನು ಜೊತೆಗಿಟ್ಟು ನೋಡಿದರೆ ಒಂದು ವಿಷಯವು ಸ್ಪಷ್ಟವಾಗುತ್ತದೆ. ಯಜಮಾನನಾದ ಕರ್ನೆಲ್ ಸತ್ತವರ ಋಣವನ್ನು ತೀರಿಸಬಲ್ಲದು. ಬದುಕಿರುವವರ ಮರೆವನ್ನು ಅದು ತಿದ್ದಲಾರದು. ಪುಸ್ತಕದಲ್ಲಿ ಒಂದು ಪುಟವು ಒಬ್ಬನ ಹೆಸರಿನಲ್ಲಿದೆಯೆಂದರೆ, ಅವನಿಗೆ ಅದು ಇನ್ನೂ ಬೇಕೋ, ಅಥವಾ ಅವನು ಅದನ್ನು ಮರೆತೇಬಿಟ್ಟಿರುವನೋ ಎಂಬುದು ಲೆಕ್ಕದಿಂದ ತಿಳಿಯದು. ಒಂದು ನಿಮಿಷ ಓಡಿ ಮುಗಿಯುವ ಪ್ರೋಗ್ರಾಮು ಎಷ್ಟು ಮರೆತರೂ ಹಾನಿಯಿಲ್ಲ. ಹಗಲಿರುಳು ಎಡೆಬಿಡದೆ ಓಡುತ್ತ ಜನರ ಪ್ರಾಣವನ್ನು ಕಾಯುವ ಯಂತ್ರಗಳಲ್ಲಿ ಮಾತ್ರ ಒಂದು ಹನಿಯ ಮರೆವೂ ಕಡೆಗೆ ಸಮುದ್ರವಾಗುತ್ತದೆ. ಲಂಡನ್ನಿನ ಕೇಂದ್ರಯಂತ್ರವು ಕೆಟ್ಟುದು ಅದು ಸತ್ತುದರಿಂದಲ್ಲ; ಹಿಂದಿರುಗಿಸದೆ ಬಹುಕಾಲ ಬದುಕಿದುದರಿಂದ.

ಮೆಮೊರಿಯು ಪೂರ್ಣವಾಗಿ ಮುಗಿದಾಗ ಲಿನಕ್ಸ್ ಕರ್ನೆಲ್ ಕಡೆಯ ಉಪಾಯವಾಗಿ ಏನು ಮಾಡುತ್ತ‌ದೆಂಬುದನ್ನು ಹೇಳಿ ವಿರಮಿಸುವೆನು. ಅದು ಪ್ರೋಗ್ರಾಮುಗಳನ್ನೆಲ್ಲ ತೂಗಿ ನೋಡಿ, ಬಹುಮಟ್ಟಿಗೆ ಎಲ್ಲರಿಗಿಂತ ಹೆಚ್ಚು ಮೆಮೊರಿಯನ್ನು ಹಿಡಿದಿರುವುದನ್ನು ಆರಿಸಿ ಕೊಂದುಹಾಕಿ, ಅದರ ಸ್ವತ್ತನ್ನು ಇತರರಿಗೆ ಹಂಚುತ್ತದೆ. ಹಾಗೆ ಆರಿಸಲ್ಪಟ್ಟುದು ಮರೆತವನೇ ಆಗಿರಬೇಕೆಂಬ ನಿಯಮವಿಲ್ಲ. ನ್ಯಾಯವಾಗಿ ಹೆಚ್ಚು ಕೆಲಸ ಮಾಡುತ್ತಿದ್ದವನೂ ಆಗಿರಬಹುದು. ಒಬ್ಬನ ಮರೆವಿಗೆ ಇನ್ನೊಬ್ಬನು ತಲೆಗೊಡಬೇಕಾಗುತ್ತದೆ. ಆದುದರಿಂದಲೇ ಈ ವಿದ್ಯೆಯಲ್ಲಿ ನುರಿತವರು, ಒಂದು ವಸ್ತುವನ್ನು ಬೇಡಿ ಪಡೆಯುವ ವಾಕ್ಯವನ್ನು ಬರೆದ ಕೂಡಲೆ, ಅದನ್ನು ಹಿಂದಿರುಗಿಸುವ ವಾಕ್ಯವು ಎಲ್ಲಿ ಬರತಕ್ಕದ್ದೆಂಬುದನ್ನು ಗೊತ್ತುಮಾಡಿಕೊಂಡೇ ಮುಂದೆ ಬರೆಯಬೇಕೆಂದು ಶಿಷ್ಯರಿಗೆ ಕಲಿಸುತ್ತಾರೆ. ಪಾತ್ರೆಯನ್ನು ಉಗ್ರಾಣದಿಂದ ತೆಗೆಯುವಾಗಲೇ ಅದನ್ನು ತೊಳೆದಿಡುವವರು ಯಾರೆಂದು ಕೇಳುತ್ತಿದ್ದ ನಮ್ಮ ಮನೆಯ ಹಿರಿಯ ಹೆಂಗಸರಿಗೆ ಈ ಪಾಠವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.